ಉಸಿರು ಮತ್ತು ತುತ್ತು

ಕೃಷ್ಣೆ ಮತ್ತು ತುಂಗಭದ್ರೆ ಎಂಬ ಎರಡು ಮಹಾನದಿಗಳ ನಡುವೆ ಹರಡಿರುವ ರಾಯಚೂರು ಸೀಮೆಯನ್ನು ಇತಿಹಾಸಕಾರರು ದೋಆಬ್ ಎಂದು ಕರೆದಿದ್ದಾರೆ. ದೋಆಬ್ ಎಂದರೆ ಎರಡು ನೀರುಗಳ ನಡುವಣ ನಾಡು. ಫಲವತ್ತಾದ ಈ ನೆಲಕ್ಕಾಗಿ ಅರಸರು ಶತಮಾನಗಳ ಕಾಲ ಹೋರಾಡಿದರು. 1520ರಲ್ಲಿ ವಿಜಯನಗರದ ಕೃಷ್ಣದೇವರಾಯನು ರಾಯಚೂರಿನ ಕೋಟೆಯನ್ನು ಗೆದ್ದುದು ಆ ಹೋರಾಟಗಳಲ್ಲಿ ಪ್ರಸಿದ್ಧವಾದುದು. ಎರಡು ಹೊಳೆಗಳು ಒಂದು ನಾಡನ್ನು ಪೋಷಿಸುವಂತೆ ಮನುಷ್ಯನ ದೇಹವನ್ನೂ ಎರಡು ಹೊಳೆಗಳು ಪೋಷಿಸುತ್ತವೆ. ಮೂಗಿನ ಮೂಲಕ ಒಳಬರುವ ಗಾಳಿ ಒಂದು. ಬಾಯಿಯ ಮೂಲಕ ಒಳಬರುವ ಅನ್ನ ಇನ್ನೊಂದು. ಇವೆರಡೂ ಕೂಡುವ ಸಂಗಮವೇ ರಕ್ತ. ಆ ರಕ್ತವನ್ನು ದೇಹದ ಮೂಲೆಮೂಲೆಗೂ ಕಳುಹಿಸುವ ಯಂತ್ರವೇ ಹೃದಯ. ಆದುದರಿಂದ ಹೃದಯದ ಕ್ಷೇಮವನ್ನು ಕುರಿತು ಯೋಚಿಸುವವರು ಉಸಿರು ಮತ್ತು ತುತ್ತು ಎರಡನ್ನೂ ಒಟ್ಟಿಗೆ ನೋಡಬೇಕಾಗುತ್ತದೆ.

ಹೃದಯವು ಗಾತ್ರದಲ್ಲಿ ಒಂದು ಮುಷ್ಟಿಯಷ್ಟು. ಆದರೆ ಅದರ ದುಡಿಮೆ ಅಸಾಧಾರಣವಾದುದು. ನಿಮಿಷಕ್ಕೆ ಸುಮಾರು 72 ಬಾರಿಯಂತೆ ದಿನವೊಂದಕ್ಕೆ ಒಂದು ಲಕ್ಷ ಬಾರಿ ಅದು ಮಿಡಿಯುತ್ತದೆ. ವಿಶ್ರಾಂತಿಯಲ್ಲಿರುವಾಗಲೂ ನಿಮಿಷಕ್ಕೆ ಸುಮಾರು 5 ಲೀಟರ್ ರಕ್ತವನ್ನು ಹೊರದೂಡುತ್ತದೆ. ಇತ್ತ ಶ್ವಾಸಕೋಶಗಳು ದಿನವೊಂದಕ್ಕೆ ಸುಮಾರು 10,000 ಲೀಟರ್ ಗಾಳಿಯನ್ನು ಒಳಗೆ ಎಳೆದುಕೊಳ್ಳುತ್ತವೆ. ನಾವು ಉಣ್ಣುವುದು ದಿನಕ್ಕೆ ಎರಡು ಮೂರು ಸಲ. ಉಸಿರಾಡುವುದು ಇಪ್ಪತ್ತು ಸಾವಿರಕ್ಕೂ ಹೆಚ್ಚು ಸಲ. ಬೇಡವೆನಿಸಿದ ತುತ್ತನ್ನು ತಟ್ಟೆಯಲ್ಲಿಯೇ ಬಿಟ್ಟು ಏಳಬಹುದು. ಬೇಡವೆನಿಸಿದ ಗಾಳಿಯನ್ನು ಬಿಟ್ಟು ಬದುಕಲು ಯಾರಿಂದಲೂ ಸಾಧ್ಯವಿಲ್ಲ.

ಹೃದಯ ಮತ್ತು ರಕ್ತನಾಳಗಳ ಬೇನೆಗಳು ಇಂದು ಜಗತ್ತಿನಲ್ಲಿ ಅತಿ ಹೆಚ್ಚು ಜನರ ಸಾವಿಗೆ ಕಾರಣವಾಗಿವೆ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2019ರಲ್ಲಿ ಇವುಗಳಿಂದ ಮಡಿದವರು ಸುಮಾರು 1 ಕೋಟಿ 79 ಲಕ್ಷ ಮಂದಿ. ಇದು ಶ್ರೀಮಂತರ ರೋಗ, ಪಟ್ಟಣದವರ ರೋಗ ಎಂಬ ಹಳೆಯ ನಂಬಿಕೆ ಈಗ ನಿಲ್ಲುವುದಿಲ್ಲ. ಹೊಲದಲ್ಲಿ ದುಡಿಯುವವರನ್ನೂ ಒಲೆಯ ಮುಂದೆ ಕುಳಿತಿರುವ ತಾಯಂದಿರನ್ನೂ ಇದು ಕಾಡುತ್ತಿದೆ. ಇದಕ್ಕೆ ಕಾರಣವನ್ನು ತಿಳಿಯಲು ರಾಯಚೂರು ನಗರ, ಮಾನ್ವಿ ಮತ್ತು ದೇವದುರ್ಗ ಎಂಬ ಮೂರು ಊರುಗಳ ಬೆಳಗನ್ನು ಸ್ವಲ್ಪ ಗಮನಿಸೋಣ.

ರಾಯಚೂರು ನಗರದ ಉತ್ತರಕ್ಕೆ, ಕೃಷ್ಣಾ ತೀರದ ಶಕ್ತಿನಗರದಲ್ಲಿ, ಶಾಖೋತ್ಪನ್ನ ವಿದ್ಯುತ್ ಕೇಂದ್ರವಿದೆ. ಕಲ್ಲಿದ್ದಲಿನಿಂದ ವಿದ್ಯುತ್ತನ್ನು ಪಡೆಯುವ ಕೇಂದ್ರಗಳಲ್ಲಿ ಕರ್ನಾಟಕಕ್ಕೆ ಇದೇ ಮೊದಲನೆಯದು. ಇದರ ಮೊದಲ ಘಟಕವು 1985ರಲ್ಲಿ ಆರಂಭವಾಯಿತು. ಮುಂದೆ ಎಂಟು ಘಟಕಗಳು ಸೇರಿ ಅದರ ಸಾಮರ್ಥ್ಯ 1720 ಮೆಗಾವಾಟ್‌ಗೆ ಏರಿತು. ಅನಂತರ ನಗರಕ್ಕೆ ಸಮೀಪದ ಯರಮರಸ್‌ನಲ್ಲಿ ತಲಾ 800 ಮೆಗಾವಾಟ್‌ನ ಎರಡು ಘಟಕಗಳು ನಿರ್ಮಾಣಗೊಂಡವು. ನಾಡಿನ ಎಷ್ಟೋ ಮನೆಗಳ ದೀಪ ಇವುಗಳಿಂದ ಬೆಳಗಿದೆ. ಆದರೆ ನಮ್ಮ ದೇಶದ ಕಲ್ಲಿದ್ದಲಿನಲ್ಲಿ ಮೂರನೆಯ ಒಂದು ಪಾಲಿಗೂ ಮಿಕ್ಕಿ ಬೂದಿಯೇ ಇರುವುದು ಸಾಮಾನ್ಯ. ಹೊಗೆಯೊಡನೆ ಮೇಲೇಳುವ ಹಾರುಬೂದಿಯ ಬಹುಭಾಗವನ್ನು ವಿದ್ಯುತ್ ಸೆಳೆತದ ಯಂತ್ರಗಳು ಹಿಡಿದಿಡುತ್ತವೆ. ಹಿಡಿತಕ್ಕೆ ಸಿಗದ ಸೂಕ್ಷ್ಮಕಣಗಳೂ ಗಂಧಕದ ಡೈಆಕ್ಸೈಡಿನಂತಹ ಅನಿಲಗಳೂ ಗಾಳಿಯನ್ನು ಸೇರುತ್ತವೆ. ಇವುಗಳೊಡನೆ ಲಾರಿ ಬಸ್ಸುಗಳ ಹೊಗೆ, ರಸ್ತೆಯ ಧೂಳು, ಹತ್ತಿಯ ಕಾರ್ಖಾನೆಗಳ ನವಿರಾದ ಎಳೆ ಬೆರೆಯುತ್ತವೆ. ಆ ಧೂಳಿನ ನಡುವೆಯೇ ರಸ್ತೆಯ ಬದಿಯ ಬಂಡಿಯಲ್ಲಿ ಎಣ್ಣೆ ಕುದಿಯುತ್ತಿರುತ್ತದೆ. ಬೆಳಗಿನ ಹೊತ್ತು ಮಂಡಕ್ಕಿ ಒಗ್ಗರಣೆ ಮತ್ತು ಬಿಸಿ ಮಿರ್ಚಿ ತಿನ್ನುವುದು ಈ ಊರಿನ ಪ್ರೀತಿಯ ರೂಢಿ.

ನಗರದಿಂದ ನೈಋತ್ಯಕ್ಕೆ ಸಾಗಿದರೆ ಮಾನ್ವಿ. ಇದು ಜಗನ್ನಾಥದಾಸರ ಊರು. ‘ಹರಿಕಥಾಮೃತಸಾರ’ವನ್ನು ರಚಿಸಿದ ಈ ದಾಸರು ಅದರಲ್ಲಿ ಭೋಜನದ ರಸಗಳನ್ನು ಕುರಿತು ಒಂದು ಸಂಧಿಯನ್ನೇ ಮೀಸಲಿಟ್ಟಿದ್ದಾರೆ. ಅವರ ಕಾಲದ ಮಾನ್ವಿ ಜೋಳ ಸಜ್ಜೆಗಳ ಸೀಮೆಯಾಗಿತ್ತು. 1953ರಲ್ಲಿ ತುಂಗಭದ್ರಾ ಅಣೆಕಟ್ಟಿನ ನೀರು ಕಾಲುವೆಗಳಿಗೆ ಹರಿಯಿತು. ಎಡದಂಡೆಯ ಕಾಲುವೆ ಈ ಬಯಲನ್ನು ತಲುಪಿದ ಮೇಲೆ ಜೋಳದ ಹೊಲಗಳು ಭತ್ತದ ಗದ್ದೆಗಳಾದವು; ಅಕ್ಕಿಯ ಗಿರಣಿಗಳು ತಲೆಯೆತ್ತಿದವು. ಬರಗಾಲಕ್ಕೆ ಅಂಜುತ್ತಿದ್ದ ನಾಡಿಗೆ ಇದೊಂದು ವರವೇ ಸರಿ. ಆದರೆ ವರದೊಡನೆ ಹೊಸದೊಂದು ಹೊಗೆಯೂ ಬಂದಿತು. ಗಿರಣಿಗಳ ಕುದಿಪಾತ್ರೆಗಳಲ್ಲಿ ಭತ್ತದ ಹೊಟ್ಟನ್ನು ಉರಿಸುವುದುಂಟು. ಕೊಯ್ಲಿನ ಯಂತ್ರ ಬಿಟ್ಟುಹೋದ ಹುಲ್ಲಿಗೆ ಗದ್ದೆಯಲ್ಲಿಯೇ ಬೆಂಕಿ ಹಚ್ಚುವುದುಂಟು. ಹೊಲ ಬದಲಾದಂತೆ ತಟ್ಟೆಯೂ ಬದಲಾಯಿತು. ಹಬ್ಬದ ದಿನದ ಊಟವಾಗಿದ್ದ ಬಿಳಿಯ ಅನ್ನವು ನಿತ್ಯದ ಊಟವಾಯಿತು.

ದೇವದುರ್ಗವಿರುವುದು ಕೃಷ್ಣೆಯ ಕಡೆಗೆ. ಇಲ್ಲಿನ ಅನೇಕ ಹಳ್ಳಿಗಳಲ್ಲಿ ಬೆಳಗಾಗುವುದು ರೊಟ್ಟಿ ಬಡಿಯುವ ಸದ್ದಿನಿಂದ. ಜೋಳದ ರೊಟ್ಟಿ, ಪುಂಡಿಪಲ್ಯ, ಹೆಸರುಕಾಳು, ಗುರೆಳ್ಳಿನ ಇಲ್ಲವೆ ಅಗಸೆಯ ಚಟ್ನಿ, ಒಂದು ಬಟ್ಟಲು ಮಜ್ಜಿಗೆ. ಆಹಾರತಜ್ಞರು ಲೆಕ್ಕ ಹಾಕಿ ಬರೆದುಕೊಟ್ಟರೂ ಹೃದಯಕ್ಕೆ ಇದಕ್ಕಿಂತ ಹಿತವಾದ ಊಟ ಸುಲಭವಾಗಿ ದೊರೆಯದು. ಆದರೆ ಆ ರೊಟ್ಟಿಯನ್ನು ಬೇಯಿಸುವ ಒಲೆಯನ್ನು ನೋಡಬೇಕು. ಹತ್ತಿಕಟ್ಟಿಗೆ, ತೊಗರಿಕಟ್ಟಿಗೆ, ಕುಳ್ಳು ಇವೇ ಉರುವಲು. ಕಿಟಕಿಯಿಲ್ಲದ ಅಡುಗೆಮನೆಯಲ್ಲಿ ತಾಯಿ ಊದುಗೊಳವಿಯನ್ನು ಹಿಡಿದು, ಕಣ್ಣೊರೆಸಿಕೊಳ್ಳುತ್ತ, ಹೊಗೆಯ ನಡುವೆ ಎರಡು ಗಂಟೆ ಕುಳಿತಿರುತ್ತಾಳೆ. ಆಕೆಯ ಸೆರಗಿನ ಬಳಿ ಎಳೆಯ ಕೂಸು ಮಲಗಿರುತ್ತದೆ. ಅತ್ಯುತ್ತಮವಾದ ಊಟವು ಅತ್ಯಂತ ಕೆಟ್ಟ ಹೊಗೆಯಲ್ಲಿ ಸಿದ್ಧವಾಗುತ್ತದೆ. ಆ ಊಟದ ಬೆಲೆಯನ್ನು ತಾಯಿಯ ಎದೆ ತೆರುತ್ತದೆ.

ಹೀಗೆ ಮೂರು ಊರುಗಳಲ್ಲಿ ಮೂರು ಬಗೆಯ ಹೊಗೆ, ಮೂರು ಬಗೆಯ ತಟ್ಟೆ. ಇವು ದೇಹದೊಳಗೆ ಮಾಡುವ ಕಾರ್ಯವನ್ನು ಈಗ ವಿಚಾರಿಸೋಣ.

ಹೊಗೆಯಿಂದ ಕೆಮ್ಮು ಉಬ್ಬಸಗಳು ಬರುತ್ತವೆಂಬುದು ಎಲ್ಲರಿಗೂ ತಿಳಿದಿದೆ. ಅದು ಹೃದಯಕ್ಕೆ ತಗಲುವ ಬಗೆಯು ಅಷ್ಟು ಸುಲಭವಾಗಿ ಕಾಣುವುದಿಲ್ಲ. ಗಾಳಿಯಲ್ಲಿ ತೇಲುವ ಕಣಗಳನ್ನು ವಿಜ್ಞಾನಿಗಳು ಗಾತ್ರದಿಂದ ವಿಂಗಡಿಸುತ್ತಾರೆ. ಎರಡೂವರೆ ಮೈಕ್ರಾನ್ ಇಲ್ಲವೆ ಅದಕ್ಕಿಂತ ಚಿಕ್ಕದಾದ ಕಣಗಳಿಗೆ ‘ಪಿಎಂ 2.5’ ಎಂದು ಹೆಸರು. ನಮ್ಮ ತಲೆಗೂದಲಿನ ದಪ್ಪದ ಇಪ್ಪತ್ತು ಮೂವತ್ತರಲ್ಲಿ ಒಂದು ಭಾಗದಷ್ಟು ಕಿರಿದಾದ ಕಣವಿದು. ದೊಡ್ಡ ಧೂಳನ್ನು ಮೂಗು ಗಂಟಲುಗಳು ತಡೆಯುತ್ತವೆ. ಈ ಸೂಕ್ಷ್ಮಕಣವಾದರೋ ಶ್ವಾಸಕೋಶದ ಕೊನೆಯ ಗಾಳಿಚೀಲಗಳವರೆಗೂ ಇಳಿಯುತ್ತದೆ. ಅಲ್ಲಿ ಉರಿಯೂತವನ್ನು ಎಬ್ಬಿಸುತ್ತದೆ. ಉರಿಯೂತದ ರಾಸಾಯನಿಕಗಳು ರಕ್ತದಲ್ಲಿ ಹರಿದು ದೇಹವನ್ನೆಲ್ಲ ಸುತ್ತುತ್ತವೆ. ಅತಿ ಸೂಕ್ಷ್ಮವಾದ ಕೆಲವು ಕಣಗಳು ಸ್ವತಃ ರಕ್ತಕ್ಕೆ ನುಸುಳಬಲ್ಲವು.

ರಕ್ತನಾಳಗಳ ಒಳಮೈಯಲ್ಲಿ ತೆಳುವಾದ ಒಂದು ಜೀವಕೋಶಪದರವಿದೆ. ಅದು ನೈಟ್ರಿಕ್ ಆಕ್ಸೈಡ್ ಎಂಬ ಅನಿಲವನ್ನು ಅತ್ಯಲ್ಪ ಪ್ರಮಾಣದಲ್ಲಿ ಸ್ರವಿಸುತ್ತದೆ. ಆ ಅನಿಲದ ಸಂಜ್ಞೆಯಿಂದ ನಾಳಗಳು ಸಡಿಲಗೊಂಡು ಹಿಗ್ಗುತ್ತವೆ. ಈ ರಹಸ್ಯವನ್ನು ಬಯಲು ಮಾಡಿದುದಕ್ಕಾಗಿ ಫರ್ಚ್‌ಗಾಟ್, ಇಗ್ನಾರೊ ಮತ್ತು ಮುರಾದ್ ಎಂಬ ಮೂವರು ವಿಜ್ಞಾನಿಗಳಿಗೆ 1998ರ ನೊಬೆಲ್ ಪಾರಿತೋಷಕವು ದೊರೆಯಿತು. ಹೊಗೆಯ ಕಣಗಳಿಂದ ಈ ಪದರವು ಘಾಸಿಗೊಂಡರೆ ನಾಳಗಳು ಬಿಗಿಯುತ್ತವೆ, ರಕ್ತದ ಒತ್ತಡ ಏರುತ್ತದೆ, ರಕ್ತವು ಹೆಪ್ಪುಗಟ್ಟುವ ಪ್ರವೃತ್ತಿ ಹೆಚ್ಚುತ್ತದೆ. ಕಟ್ಟಿಗೆಯ ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡ್ ಇನ್ನೊಂದು ಬಗೆಯ ಶತ್ರು. ಅದು ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಹೆಚ್ಚು ಬಲವಾಗಿ ರಕ್ತದ ಹಿಮೋಗ್ಲೋಬಿನ್ನಿಗೆ ಅಂಟಿಕೊಳ್ಳುತ್ತದೆ. ಆಗ ಆಮ್ಲಜನಕಕ್ಕೆ ಸ್ಥಳ ಸಾಲದಾಗಿ ಹೃದಯವು ಹೆಚ್ಚು ದುಡಿಯಬೇಕಾಗುತ್ತದೆ.

ಇದು ಕೇವಲ ಊಹೆಯಲ್ಲ. 1952ರ ಡಿಸೆಂಬರಿನಲ್ಲಿ ಲಂಡನ್ ನಗರವನ್ನು ಕಲ್ಲಿದ್ದಲ ಹೊಗೆ ಬೆರೆತ ದಟ್ಟ ಮಂಜು ಕವಿಯಿತು. ಕೆಲವೇ ದಿನಗಳಲ್ಲಿ ಸುಮಾರು 4,000 ಜನರು ಹೆಚ್ಚಾಗಿ ಸತ್ತರೆಂದು ಅಂದು ಲೆಕ್ಕ ಹಾಕಲಾಯಿತು. ನಿಜವಾದ ಸಂಖ್ಯೆ ಅದಕ್ಕೂ ಬಹಳ ಹೆಚ್ಚೆಂದು ಮುಂದಿನ ಅಧ್ಯಯನಗಳು ತಿಳಿಸಿದವು. ಆ ದುರಂತದ ಫಲವಾಗಿ 1956ರಲ್ಲಿ ಬ್ರಿಟನ್ನಿನಲ್ಲಿ ಶುದ್ಧ ಗಾಳಿಯ ಕಾಯಿದೆ ಜಾರಿಗೆ ಬಂದಿತು. ಅಮೆರಿಕದ ಆರು ನಗರಗಳಲ್ಲಿ ಎಂಟು ಸಾವಿರಕ್ಕೂ ಹೆಚ್ಚು ಜನರನ್ನು ಹಲವು ವರ್ಷ ಗಮನಿಸಿದ ಅಧ್ಯಯನವೊಂದು 1993ರಲ್ಲಿ ಪ್ರಕಟವಾಯಿತು. ಗಾಳಿಯಲ್ಲಿ ಸೂಕ್ಷ್ಮಕಣಗಳು ಹೆಚ್ಚಿದ್ದ ನಗರಗಳಲ್ಲಿ ಸಾವಿನ ಪ್ರಮಾಣವೂ ಹೆಚ್ಚೆಂದು ಅದು ತೋರಿಸಿತು. ಅಡುಗೆಮನೆಯ ಹೊಗೆಯೂ ಇದಕ್ಕೆ ಹೊರತಲ್ಲ. ಮನೆಯೊಳಗಿನ ಹೊಗೆಯಿಂದ 2020ರಲ್ಲಿ ಜಗತ್ತಿನಾದ್ಯಂತ 32 ಲಕ್ಷ ಜನರು ಅಕಾಲಮರಣಕ್ಕೆ ತುತ್ತಾದರೆಂದೂ ಅವರಲ್ಲಿ ಸುಮಾರು ಮೂರರಲ್ಲಿ ಒಂದು ಪಾಲು ಹೃದ್ರೋಗದಿಂದ ತೀರಿಕೊಂಡರೆಂದೂ ವಿಶ್ವ ಆರೋಗ್ಯ ಸಂಸ್ಥೆ ಅಂದಾಜು ಮಾಡಿದೆ.

ಇನ್ನು ಆಹಾರದ ವಿಷಯ. ಉಪ್ಪು ಹೆಚ್ಚಾದರೆ ರಕ್ತದ ಒತ್ತಡ ಏರುತ್ತದೆ. ವನಸ್ಪತಿಯಂತಹ ಗಟ್ಟಿ ಮಾಡಿದ ಕೊಬ್ಬು ಮತ್ತು ಮತ್ತೆ ಮತ್ತೆ ಕಾಯಿಸಿದ ಎಣ್ಣೆ ರಕ್ತನಾಳಗಳಿಗೆ ಹಾನಿಕರ. ರಕ್ತದಲ್ಲಿ ಕೆಟ್ಟ ಕೊಲೆಸ್ಟರಾಲ್ ಹೆಚ್ಚಿದರೆ ಅದು ನಾಳಗಳ ಗೋಡೆಯಲ್ಲಿ ಪದರಪದರವಾಗಿ ಸೇರಿ ಹಾದಿಯನ್ನು ಇಕ್ಕಟ್ಟು ಮಾಡುತ್ತದೆ. ಪಾಲಿಶ್ ಮಾಡಿದ ಅಕ್ಕಿಯಲ್ಲಿ ತೌಡಿನೊಡನೆ ನಾರೂ ಖನಿಜಗಳೂ ಹೊರಟುಹೋಗಿರುತ್ತವೆ. ಇದಕ್ಕೆ ಪ್ರತಿಯಾಗಿ ಜೋಳ, ಸಜ್ಜೆ, ನವಣೆಗಳಲ್ಲಿ ನಾರು ಹೇರಳ. ಕಾಳುಗಳಲ್ಲಿಯೂ ಸೊಪ್ಪುಗಳಲ್ಲಿಯೂ ಇರುವ ಪೊಟ್ಯಾಸಿಯಂ ಉಪ್ಪಿನ ದುಷ್ಪರಿಣಾಮವನ್ನು ತಗ್ಗಿಸುತ್ತದೆ. ಶೇಂಗಾದಲ್ಲಿರುವುದು ಬಹುಮಟ್ಟಿಗೆ ಹಿತಕರವಾದ ಕೊಬ್ಬು. ಅಗಸೆಯಲ್ಲಿ ಒಮೆಗಾ-3 ವರ್ಗದ ಕೊಬ್ಬು ವಿಶೇಷವಾಗಿದೆ. ಪುಂಡಿ, ನುಗ್ಗೆಸೊಪ್ಪು, ಟೊಮೆಟೊ, ಸೀಬೆಹಣ್ಣುಗಳಲ್ಲಿ ಜೀವಕೋಶಗಳನ್ನು ಕಾಪಾಡುವ ಜೀವಸತ್ತ್ವಗಳಿವೆ.

ಈಗ ಎರಡು ಹೊಳೆಗಳ ಸಂಗಮಕ್ಕೆ ಬರೋಣ. ಹೊಗೆಯ ಕಣಗಳು ರಕ್ತನಾಳದ ಒಳಮೈಯನ್ನು ಗಾಯಗೊಳಿಸುತ್ತವೆ. ಕೆಟ್ಟ ಆಹಾರದಿಂದ ಬಂದ ಕೊಲೆಸ್ಟರಾಲ್ ಗಾಯಗೊಂಡ ಆ ಜಾಗದಲ್ಲಿಯೇ ಸುಲಭವಾಗಿ ಬೇರೂರುತ್ತದೆ. ಉರಿಯೂತದಿಂದ ಮತ್ತಷ್ಟು ಕೆಡುತ್ತದೆ. ಉಪ್ಪು ಏರಿಸಿದ ರಕ್ತದ ಒತ್ತಡವನ್ನು ಹೊಗೆ ಇನ್ನಷ್ಟು ಏರಿಸುತ್ತದೆ. ಕೊನೆಗೊಂದು ದಿನ ಇಕ್ಕಟ್ಟಾದ ನಾಳದಲ್ಲಿ ರಕ್ತವು ಹೆಪ್ಪುಗಟ್ಟಿ ಹರಿವು ನಿಂತರೆ ಅದೇ ಹೃದಯಾಘಾತ. ಮಿದುಳಿನ ನಾಳದಲ್ಲಿ ಹಾಗಾದರೆ ಪಾರ್ಶ್ವವಾಯು. ಒಳ್ಳೆಯ ಆಹಾರವು ಇದೇ ಜಾಗದಲ್ಲಿ ಎದುರುನಿಂತು ಕೆಲಸ ಮಾಡುತ್ತದೆ. ಅದು ಕೊಲೆಸ್ಟರಾಲನ್ನೂ ಒತ್ತಡವನ್ನೂ ತಗ್ಗಿಸಿ ಉರಿಯೂತವನ್ನು ಶಮನಗೊಳಿಸುತ್ತದೆ. ಅಮೆರಿಕದಲ್ಲಿ ಸುಮಾರು ಐದೂವರೆ ಲಕ್ಷ ಜನರನ್ನು 17 ವರ್ಷ ಗಮನಿಸಿದ ಅಧ್ಯಯನವೊಂದು 2019ರಲ್ಲಿ ಪ್ರಕಟವಾಯಿತು. ತರಕಾರಿ, ಹಣ್ಣು, ಕಾಳು, ಇಡಿಯ ಧಾನ್ಯ, ಮೀನು, ಬೀಜಗಳನ್ನು ಹೆಚ್ಚಾಗಿ ಉಣ್ಣುವವರಲ್ಲಿ ಗಾಳಿಯ ಮಾಲಿನ್ಯಕ್ಕೂ ಹೃದ್ರೋಗದ ಸಾವಿಗೂ ಇರುವ ನಂಟು ಇತರರಿಗಿಂತ ಸಡಿಲವಾಗಿದ್ದುದು ಅದರಲ್ಲಿ ಕಂಡುಬಂದಿತು. ಮೀನೊಂದನ್ನು ಬಿಟ್ಟರೆ ಆ ಪಟ್ಟಿಯು ದೇವದುರ್ಗದ ತಟ್ಟೆಗೆ ಎಷ್ಟು ಸಮೀಪವಾಗಿದೆ ಎಂಬುದನ್ನು ನೋಡಿ.

ಆದರೆ ಇಲ್ಲಿ ಒಂದು ಎಚ್ಚರ ಅಗತ್ಯ. ರೊಟ್ಟಿ ಪಲ್ಯಗಳನ್ನು ಉಂಡವರಿಗೆ ಹೊಗೆಯು ಏನನ್ನೂ ಮಾಡದೆಂದು ಭಾವಿಸಬಾರದು. ಒಳ್ಳೆಯ ಊಟವು ಅಪಾಯವನ್ನು ತಗ್ಗಿಸುತ್ತದೆ, ಅಳಿಸುವುದಿಲ್ಲ. ದೇವದುರ್ಗದ ತಾಯಿ ನಿತ್ಯವೂ ಜೋಳದ ರೊಟ್ಟಿಯನ್ನೇ ಉಂಡರೂ ಹೊಗೆಯಿಂದ ಆಕೆಗೆ ಪೂರ್ಣ ರಕ್ಷೆಯಿಲ್ಲ. ನಗರದ ಗೃಹಸ್ಥನು ಅನಿಲದ ಒಲೆಯಲ್ಲಿ ಅಡುಗೆ ಮಾಡಿಸಿದರೂ ನಿತ್ಯವೂ ಕರಿದ ತಿಂಡಿಯನ್ನೇ ತಿಂದರೆ ಅವನಿಗೂ ರಕ್ಷೆಯಿಲ್ಲ. ಹಳ್ಳಿಯಲ್ಲಿ ತಟ್ಟೆ ಚೆನ್ನಾಗಿದೆ, ಒಲೆ ಕೆಟ್ಟಿದೆ. ನಗರದಲ್ಲಿ ಒಲೆ ಚೆನ್ನಾಗಿದೆ, ತಟ್ಟೆ ಕೆಡುತ್ತಿದೆ. ಹಳ್ಳಿಯ ತಟ್ಟೆ ಮತ್ತು ನಗರದ ಒಲೆ ಒಂದೇ ಮನೆಯಲ್ಲಿ ಕೂಡಿದರೆ ಹೃದಯಕ್ಕೆ ಆಗುವ ಉಪಕಾರ ಬಹಳ.

ಅದು ಅಸಾಧ್ಯವಾದ ಮಾತೇನೂ ಅಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ರೂಪುಗೊಂಡ ‘ಅಸ್ತ್ರ ಒಲೆ’ಯು 1980ರ ದಶಕದಲ್ಲಿ ಕರ್ನಾಟಕದ ಹಳ್ಳಿಗಳನ್ನು ಪ್ರವೇಶಿಸಿತು. ಅದು ಕಡಿಮೆ ಕಟ್ಟಿಗೆಯನ್ನು ಬೇಡುತ್ತಿತ್ತು. ಹೊಗೆಯನ್ನು ಕೊಳವೆಯ ಮೂಲಕ ಹೊರಗೆ ಕಳುಹಿಸುತ್ತಿತ್ತು. 2016ರಲ್ಲಿ ಆರಂಭವಾದ ಉಜ್ವಲಾ ಯೋಜನೆಯಿಂದ ಬಡವರ ಮನೆಗಳಿಗೂ ಅಡುಗೆ ಅನಿಲ ಬಂದಿತು. ಆದರೂ ಸಿಲಿಂಡರನ್ನು ಮತ್ತೆ ತುಂಬಿಸಲು ಹಣವಿಲ್ಲದ ಮನೆಗಳಲ್ಲಿ ಹಳೆಯ ಒಲೆಯೇ ಉರಿಯುತ್ತದೆ. ಹಣವಿದ್ದ ಮನೆಗಳಲ್ಲಿಯೂ ‘ಕಟ್ಟಿಗೆಯ ಒಲೆಯ ರೊಟ್ಟಿಯ ರುಚಿಯೇ ಬೇರೆ’ ಎಂಬ ಮಾತು ಕೇಳಿಬರುತ್ತದೆ. ಆ ರುಚಿಯನ್ನು ಮೆಚ್ಚುವವರು ಒಂದು ದಿನ ಊದುಗೊಳವಿ ಹಿಡಿದು ಒಲೆಯ ಮುಂದೆ ಕುಳಿತು ನೋಡಬೇಕು. ಕಟ್ಟಿಗೆಯ ಒಲೆ ಅನಿವಾರ್ಯವಾದ ಕಡೆ ಬಯಲಿನಲ್ಲಿ ಇಲ್ಲವೆ ಹೊಗೆಗೂಡಿನ ಕೆಳಗೆ ಅಡುಗೆ ಮಾಡಬೇಕು. ಒಣಗಿದ ಕಟ್ಟಿಗೆಯನ್ನೇ ಬಳಸಬೇಕು. ಎಳೆಯ ಮಕ್ಕಳನ್ನು ದೂರವಿರಿಸಬೇಕು.

ತಟ್ಟೆಯ ವಿಷಯದಲ್ಲಿ ನಾವು ಮಾಡಬಹುದಾದುದು ಇನ್ನೂ ಸುಲಭ. ಒಬ್ಬ ವಯಸ್ಕನು ದಿನಕ್ಕೆ 5 ಗ್ರಾಂ, ಅಂದರೆ ಒಂದು ಚಹಾ ಚಮಚಕ್ಕಿಂತ ಕಡಿಮೆ ಉಪ್ಪನ್ನು ತಿನ್ನಬೇಕೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಉಪ್ಪಿನಕಾಯಿ, ಹಪ್ಪಳ, ಪೊಟ್ಟಣದ ತಿಂಡಿಗಳಲ್ಲಿ ಅಡಗಿರುವ ಉಪ್ಪೂ ಈ ಲೆಕ್ಕಕ್ಕೆ ಸೇರುತ್ತದೆ. ಮಿರ್ಚಿಯನ್ನು ಪೂರ್ತಿ ತೊರೆಯಬೇಕಾಗಿಲ್ಲ. ನಿತ್ಯದ ತಿಂಡಿಯಾಗಿರುವುದು ಹಬ್ಬದ ತಿಂಡಿಯಾದರೆ ಸಾಕು. ಭತ್ತ ಬೆಳೆಯುವ ಮಾನ್ವಿಯ ಮನೆಯಲ್ಲಿಯೂ ದಿನಕ್ಕೆ ಒಂದು ಹೊತ್ತು ರೊಟ್ಟಿಯು ತಟ್ಟೆಗೆ ಹಿಂತಿರುಗಬಹುದು. ಬೀಡಿ ಸಿಗರೇಟುಗಳ ಹೊಗೆಯಾದರೋ ಮನುಷ್ಯನು ತಾನಾಗಿಯೇ ಕೊಂಡು ತಂದ ಹೊಗೆ. ಅದನ್ನು ಬಿಡಲು ಯಾವ ಯೋಜನೆಗೂ ಕಾಯಬೇಕಾಗಿಲ್ಲ.

ಹೊರಗಿನ ಗಾಳಿಯು ಒಬ್ಬಿಬ್ಬರಿಂದ ಶುದ್ಧವಾಗುವಂತಹುದಲ್ಲ. ಅದು ಸಮಾಜದ ಹೊಣೆ. ಭಾರತದಲ್ಲಿ ವಾಯುಮಾಲಿನ್ಯ ನಿಯಂತ್ರಣದ ಕಾಯಿದೆಯು 1981ರಲ್ಲಿ ಬಂದಿತು. 2009ರಲ್ಲಿ ಸರಕಾರವು ಗೊತ್ತುಮಾಡಿದಂತೆ ಪಿಎಂ 2.5 ಕಣಗಳ ವಾರ್ಷಿಕ ಸರಾಸರಿಯು ಒಂದು ಘನಮೀಟರ್ ಗಾಳಿಯಲ್ಲಿ 40 ಮೈಕ್ರೊಗ್ರಾಂ ಮೀರಬಾರದು. ವಿಶ್ವ ಆರೋಗ್ಯ ಸಂಸ್ಥೆಯು 2021ರಲ್ಲಿ ಸೂಚಿಸಿದ ಮಿತಿಯಾದರೋ ಕೇವಲ 5 ಮೈಕ್ರೊಗ್ರಾಂ. ಹಾರುಬೂದಿಯನ್ನು ಸಿಮೆಂಟಿಗೂ ಇಟ್ಟಿಗೆಗೂ ಬಳಸಬಹುದು. ಭತ್ತದ ಹುಲ್ಲನ್ನು ಸುಡದೆ ದನಗಳಿಗೆ ಮೇವಾಗಿಯೂ ಹೊಲಕ್ಕೆ ಗೊಬ್ಬರವಾಗಿಯೂ ಬಳಸಬಹುದು. ರಸ್ತೆಯ ಬದಿಗಳಲ್ಲಿ ಬೇವು ಹೊಂಗೆಗಳನ್ನು ನೆಟ್ಟು ಧೂಳನ್ನು ತಡೆಯಬಹುದು. ಹೊಗೆಯನ್ನು ಎಲ್ಲರಿಗಿಂತ ಹೆಚ್ಚು ಉಸಿರಾಡುವವರು ಗಿರಣಿಯ ಕೂಲಿಗಾರರು, ರಸ್ತೆಯ ಬದಿಯ ವ್ಯಾಪಾರಿಗಳು, ಗುಳೆ ಹೋಗಿ ಪಟ್ಟಣಗಳ ಕಟ್ಟಡಗಳಲ್ಲಿ ದುಡಿಯುವವರು. ತಮಗೆ ಬೇಕಾದ ಗಾಳಿಯನ್ನು ಆರಿಸಿಕೊಳ್ಳುವ ಸ್ವಾತಂತ್ರ್ಯ ಅವರಿಗಿಲ್ಲ. ಅವರ ಪರವಾಗಿ ಯೋಚಿಸುವುದು ವಿದ್ಯಾವಂತರ ಕರ್ತವ್ಯ.

ಕೊನೆಯದಾಗಿ, ವಿದ್ಯಾರ್ಥಿಗಳು ನೆನಪಿಡಲೇಬೇಕಾದ ಒಂದು ಮಾತಿದೆ. ಎದೆಯ ನಡುವೆ ಭಾರವಿಟ್ಟಂತಹ ನೋವು, ಅದು ಎಡಗೈಗೋ ದವಡೆಗೋ ಹರಡುವುದು, ತಣ್ಣನೆಯ ಬೆವರು, ಏದುಸಿರು ಇವು ಹೃದಯಾಘಾತದ ಚಿಹ್ನೆಗಳು. ಹೆಂಗಸರಲ್ಲಿ ಕೆಲವೊಮ್ಮೆ ನೋವಿಲ್ಲದೆ ಆಯಾಸ, ಓಕರಿಕೆ, ಏದುಸಿರುಗಳು ಮಾತ್ರ ಕಾಣಬಹುದು. ‘ವಾಯು ಹಿಡಿದಿದೆ, ಸೋಡಾ ಕುಡಿದರೆ ಇಳಿಯುತ್ತದೆ’ ಎಂದು ಮನೆಯಲ್ಲಿ ಕಾಯುವುದರಿಂದ ಎಷ್ಟೋ ಜೀವಗಳು ಹೋಗಿವೆ. ಒಡನೆಯೇ 108ಕ್ಕೆ ಕರೆ ಮಾಡಿ ಹತ್ತಿರದ ಆಸ್ಪತ್ರೆಗೆ ಒಯ್ಯಬೇಕು. ಮೊದಲ ಗಂಟೆಯೊಳಗೆ ದೊರೆತ ಚಿಕಿತ್ಸೆಗೆ ಇರುವ ಬೆಲೆ ಅನಂತರದ ಚಿಕಿತ್ಸೆಗಿಲ್ಲ. ದೊಡ್ಡವರು ಸುಮ್ಮನಿದ್ದರೂ ಒಂಬತ್ತನೆಯ ತರಗತಿಯ ಬಾಲಕನೋ ಬಾಲಕಿಯೋ ಈ ಮಾತನ್ನು ಧೈರ್ಯವಾಗಿ ಹೇಳಬಹುದು.

ನಾಳೆಯ ಬೆಳಗ್ಗೆ ಅಡುಗೆಮನೆಯ ಬಾಗಿಲಲ್ಲಿ ಒಂದು ಗಳಿಗೆ ನಿಂತು ನೋಡಿ. ಮಾಡಿನ ತೊಲೆಗಳು ಎಷ್ಟು ಕಪ್ಪಾಗಿವೆ? ಗೋಡೆಗೆ ಮೆತ್ತಿದ ಆ ಮಸಿಯನ್ನು ನಾವು ವರ್ಷಕ್ಕೊಮ್ಮೆ ಸುಣ್ಣ ಬಳಿದು ಮರೆಮಾಡುತ್ತೇವೆ. ಅದೇ ಮಸಿಯು ತಾಯಿಯ ಎದೆಯೊಳಗೂ ಕುಳಿತಿದೆ. ಅಲ್ಲಿಗೆ ಸುಣ್ಣ ಬಳಿಯಲು ಬಾರದು. ಉಣ್ಣುವ ಪ್ರತಿಯೊಂದು ತುತ್ತಿನೊಡನೆ ಅದನ್ನು ಬೇಯಿಸಿದವರ ಉಸಿರನ್ನೂ ನೆನೆಯುವುದನ್ನು ಕಲಿತರೆ ಈ ಪಾಠವು ಸಾರ್ಥಕವಾದಂತೆ.

ಅಭ್ಯಾಸ

1. ರಕ್ತವನ್ನು ‘ಎರಡು ಹೊಳೆಗಳ ಸಂಗಮ’ ಎಂದು ಕರೆದಿರುವುದೇಕೆ?
2. ಸೂಕ್ಷ್ಮಕಣಗಳು ಹೃದಯಕ್ಕೆ ತೊಂದರೆ ಮಾಡುವ ಬಗೆಯನ್ನು ವಿವರಿಸಿ.
3. ಕಾಲುವೆಯ ನೀರು ಬಂದ ಮೇಲೆ ಮಾನ್ವಿಯ ಹೊಲ ಮತ್ತು ತಟ್ಟೆಗಳಲ್ಲಿ ಆದ ಬದಲಾವಣೆಗಳಾವುವು?
4. ‘ಹಳ್ಳಿಯಲ್ಲಿ ತಟ್ಟೆ ಚೆನ್ನಾಗಿದೆ, ಒಲೆ ಕೆಟ್ಟಿದೆ, ನಗರದಲ್ಲಿ ಒಲೆ ಚೆನ್ನಾಗಿದೆ, ತಟ್ಟೆ ಕೆಡುತ್ತಿದೆ’ ಎಂಬ ಮಾತಿನ ಸ್ವಾರಸ್ಯವನ್ನು ಬರೆಯಿರಿ.
5. ನಿಮ್ಮ ಮನೆಯಲ್ಲಿ ಒಂದು ವಾರದ ಅವಧಿಯಲ್ಲಿ ಬಳಸಿದ ಉರುವಲು, ಉಪ್ಪು ಮತ್ತು ಎಣ್ಣೆಗಳ ಲೆಕ್ಕವನ್ನು ಬರೆದಿಟ್ಟು ತರಗತಿಯಲ್ಲಿ ಚರ್ಚಿಸಿ.